ಪಕ್ಕದ ಮನೆಗೆ ಕೇಳಿಸಿದ ಕೆಮ್ಮು

ಉಪ್ಸಾಲಾದ ಆ ಮನೆಯಲ್ಲಿ ಕೆಮ್ಮಿದರೆ ಪಕ್ಕದ ಮನೆಗೆ ಕೇಳುತ್ತಿತ್ತು. ವಿಶ್ವವಿದ್ಯಾಲಯಕ್ಕೆ ಸಂಶೋಧನೆಗೆಂದು ಬಂದ ಸಂಸಾರಸ್ಥರು ತುಂಬಿಕೊಂಡಿದ್ದ ಕಟ್ಟಡ ಅದು. ಹೊರಗಿನ ಗೋಡೆಗಳು ಚಳಿಯನ್ನು ತಡೆಯುವಷ್ಟು ದಪ್ಪ, ಒಳಗಿನವು ಮಾತ್ರ ತೆಳು. ಒಂದು ಮಲಗುವ ಕೋಣೆ, ಒಂದು ಹಾಲ್, ಕಿಟಕಿಗೆ ಒತ್ತಿ ಮೇಜು ಹಾಕಿದರೆ ಇಬ್ಬರು ಓಡಾಡಲಾಗದ ಅಡುಗೆಮನೆ. ಅಪ್ಪ ಬೆಳಿಗ್ಗೆ ಕತ್ತಲಲ್ಲೇ ಹೆಲ್ಮೆಟ್ ಹಾಕಿಕೊಂಡು ಸೈಕಲ್ಲಿನಲ್ಲಿ ರಸಾಯನಶಾಸ್ತ್ರದ ಲ್ಯಾಬಿಗೆ ಹೋಗುತ್ತಿದ್ದರು, ಕತ್ತಲಾದ ಮೇಲೆ ಬರುತ್ತಿದ್ದರು. ಡಿಸೆಂಬರಿನಲ್ಲಿ ಎದುರು ಮನೆಗಳ ಕಿಟಕಿಗಳಲ್ಲೆಲ್ಲ ಒಳಗೆ ದೀಪವಿಟ್ಟ ಕಾಗದದ ನಕ್ಷತ್ರಗಳು ಬೆಳಗುತ್ತಿದ್ದವು. ಆ ಕಿಟಕಿಗಳ ಹಿಂದೆ ಯಾರಿದ್ದಾರೆಂದು ನಮಗೆ ಗೊತ್ತಿರಲಿಲ್ಲ. ಮೆಟ್ಟಿಲ ಮೇಲೆ ಎದುರಾದರೆ ಜನ ‘ಹೇಯ್’ ಎಂದು ಒಂದೇ ಉಸಿರಿನಲ್ಲಿ ನಮಸ್ಕಾರ ಹೇಳಿ ದಾಟಿಹೋಗುತ್ತಿದ್ದರು. ಅಮ್ಮ ಆ ಒಂದು ಪದಕ್ಕೆ ಉತ್ತರ ಕೊಡಲು ಬಾಯಿ ತೆರೆಯುವಷ್ಟರಲ್ಲಿ ಅವರು ಕೆಳಗಿನ ಮಹಡಿ ತಲುಪಿರುತ್ತಿದ್ದರು.

ಅಮ್ಮ ತುಮಕೂರಿನ ಹೈಸ್ಕೂಲಿನಲ್ಲಿ ಗಣಿತದ ಟೀಚರ್ ಆಗಿದ್ದವಳು. ಕೊನೆಯ ಬೆಂಚಿಗೂ ಮುಟ್ಟುವ ದನಿ ಅವಳದು. ಉಪ್ಸಾಲಾಕ್ಕೆ ಬಂದ ಮೇಲೆ ಆ ದನಿ ಮೆಲ್ಲಮೆಲ್ಲಗೆ ಇಳಿಯಿತು. ಗೋಡೆಯಾಚೆಗೆ ಕೇಳಿಸೀತೆಂದು ಮೊದಮೊದಲು ತಗ್ಗಿಸಿ ಮಾತಾಡುತ್ತಿದ್ದವಳು ಆಮೇಲಾಮೇಲೆ ಮಾತಾಡುವುದನ್ನೇ ಕಡಿಮೆ ಮಾಡಿದಳು. ನೆಲಮಾಳಿಗೆಯ ಬಟ್ಟೆ ಒಗೆಯುವ ಕೋಣೆಗೆ ಸರದಿ ಹಿಡಿದು ಹೋಗುವುದು, ಒಗೆದದ್ದನ್ನು ಇಸ್ತ್ರಿ ಮಾಡುವುದು, ಇಸ್ತ್ರಿ ಮಾಡಿದ್ದನ್ನು ಮತ್ತೆ ಬಿಚ್ಚಿ ಮಡಿಸುವುದು, ಇವುಗಳಲ್ಲೇ ಅವಳ ಹಗಲು ಕಳೆಯುತ್ತಿತ್ತು. ಒಮ್ಮೆ ಅಪ್ಪ ನಮ್ಮನ್ನು ರೈಲಿನಲ್ಲಿ ಸೊಲ್ಲೆಂಟುನಾಕ್ಕೆ, ಕನ್ನಡದವರು ಸೇರುವ ಹಬ್ಬದ ಊಟಕ್ಕೆ ಕರೆದುಕೊಂಡು ಹೋದರು. ಅಮ್ಮ ರೇಷ್ಮೆ ಸೀರೆ ಉಟ್ಟು, ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಹುರುಪಿನಿಂದಲೇ ಹೊರಟಿದ್ದಳು. ಬಿಸಿಬೇಳೆ ಬಾತ್ ಬಡಿಸುತ್ತಿದ್ದ ಒಬ್ಬ ಹೆಂಗಸು ನನ್ನ ಕೆನ್ನೆ ಹಿಂಡಿ ಕೇಳಿದರು:

“ಒಬ್ಳೇನಾ? ಇನ್ನೊಂದು ಯಾವಾಗ ಮಾಡ್ಕೋತೀರಿ? ಇಲ್ಲಿ ಮಕ್ಕಳಿಗೆ ಎಷ್ಟು ಫೆಸಿಲಿಟಿ ಇದೆ ಗೊತ್ತಾ?”

ಅಮ್ಮ ನಕ್ಕಳು. ತಟ್ಟೆಯಲ್ಲಿದ್ದುದನ್ನು ಪೂರ್ತಿ ತಿಂದಳು. ವಾಪಸು ಬರುವ ರೈಲಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತವಳು ಉಪ್ಸಾಲಾ ಬರುವವರೆಗೂ ತಿರುಗಲಿಲ್ಲ. ಮುಂದಿನ ಊಟಗಳಿಗೆ ಕರೆ ಬಂದಾಗಲೆಲ್ಲ ಅವಳಿಗೆ ತಲೆನೋವಿರುತ್ತಿತ್ತು.

ನನಗೆ ಕೆಮ್ಮು ಶುರುವಾದದ್ದು ಆ ಚಳಿಗಾಲದಲ್ಲೇ. ಮೊದಲು ನೆಗಡಿ. ನೆಗಡಿ ಹೋಗಿ ಕೆಮ್ಮು ಉಳಿಯಿತು. ಒಣ ಕೆಮ್ಮು, ಗಂಟಲಲ್ಲಿ ಯಾರೋ ಗರಿಯಾಡಿಸಿದ ಹಾಗೆ ಶುರುವಾಗಿ ಹೊಟ್ಟೆ ಹಿಡಿದುಕೊಳ್ಳುವವರೆಗೂ ನಿಲ್ಲುತ್ತಿರಲಿಲ್ಲ. ಅಮ್ಮ ಮಂಚದ ಪಕ್ಕದಲ್ಲಿ ಕೂತು ನನ್ನ ಅಂಗಿ ಎತ್ತಿ ಪಕ್ಕೆಲುಬುಗಳನ್ನೇ ದಿಟ್ಟಿಸುತ್ತಿದ್ದಳು. ಏನು ನೋಡುತ್ತಿದ್ದಾಳೆಂದು ನನಗೆ ತಿಳಿಯುತ್ತಿರಲಿಲ್ಲ. ಅಪ್ಪ ರಜೆ ಹಾಕಿ ನಮ್ಮನ್ನು ಆರೋಗ್ಯಕೇಂದ್ರಕ್ಕೆ ಕರೆದುಕೊಂಡು ಹೋದರು. ನರ್ಸ್ ನನ್ನ ಎದೆಗೂ ಬೆನ್ನಿಗೂ ಸ್ಟೆತಸ್ಕೋಪ್ ಇಟ್ಟು ಕೇಳಿ, ನಗುಮುಖದಿಂದ ಇಂಗ್ಲಿಷಿನಲ್ಲಿ ಹೇಳಿದಳು: ಎದೆ ಶುದ್ಧವಾಗಿದೆ, ಇದು ಮಾಮೂಲಿ ಕೆಮ್ಮು, ಔಷಧ ಬೇಡ, ಬಿಸಿನೀರು ಕುಡಿಸಿ, ತಾನಾಗಿಯೇ ಹೋಗುತ್ತದೆ. ಒಳ್ಳೆಯ ಹೆಂಗಸು. ಆದರೆ ‘ಮಾಮೂಲಿ ಕೆಮ್ಮು’ ಎಂಬ ಮಾತು ಕೇಳಿದ ಕೂಡಲೇ ಅಮ್ಮನ ಮುಖ ಬಿಳಿಚಿತು. ಬಸ್‌ಸ್ಟಾಪಿನಲ್ಲಿ ಅಪ್ಪನಿಗೆ ಹೇಳಿದಳು:

“ಮಾಮೂಲಿ ಅಂತೆ. ಅವ್ಳಿಗೇನು ಗೊತ್ತು?”

“ಜಯಾ, ಅವ್ರು ಸರಿಯಾಗಿ ಚೆಕ್ ಮಾಡಿದಾರೆ.”

“ಎಲ್ಲಾರೂ ಸರಿಯಾಗೇ ಚೆಕ್ ಮಾಡಿರ್ತಾರೆ.”

ಅಪ್ಪ ಬಸ್ ಬರುವ ದಿಕ್ಕನ್ನೇ ನೋಡುತ್ತ ನಿಂತರು.

ಅಂದಿನಿಂದ ಅಮ್ಮ ನನ್ನನ್ನು ಸ್ಕೂಲಿಗೆ ಕಳಿಸುವುದನ್ನು ನಿಲ್ಲಿಸಿದಳು. ನನ್ನ ತರಗತಿಯಲ್ಲಿ ಅರ್ಧ ಮಕ್ಕಳು ಕೆಮ್ಮುತ್ತಲೇ ಹಿಮದಲ್ಲಿ ಉರುಳಾಡುತ್ತಿದ್ದರು. ಜ್ವರವಿಲ್ಲದಿದ್ದರೆ ಮಕ್ಕಳು ಹೊರಗೆ ಆಡಬೇಕು ಎಂಬುದು ಅಲ್ಲಿನ ಪಾಠ. ಟೀಚರ್ ಫೋನ್ ಮಾಡಿದಾಗ ಅಮ್ಮ ತನ್ನ ಇಂಗ್ಲಿಷನ್ನೆಲ್ಲ ಒಟ್ಟುಗೂಡಿಸಿಕೊಂಡು “ಷಿ ಈಸ್ ನಾಟ್ ವೆಲ್” ಎಂದಷ್ಟೇ ಹೇಳಿ ಇಟ್ಟುಬಿಡುತ್ತಿದ್ದಳು. ಬೆಳಿಗ್ಗೆ ಶುಂಠಿ ಮೆಣಸಿನ ಕಷಾಯ, ಮಧ್ಯಾಹ್ನ ಮೆಣಸಿನ ಸಾರು, ಸಂಜೆ ಮತ್ತೆ ಕಷಾಯ. ಊರಿನಲ್ಲಾಗಿದ್ದರೆ ದೊಡ್ಡಪತ್ರೆ ಸಿಗುತ್ತಿತ್ತು, ಇಲ್ಲಿ ಅದೂ ಇಲ್ಲವೆಂದು ಒಲೆಯ ಮುಂದೆ ನಿಂತು ಗೊಣಗುತ್ತಿದ್ದಳು. ಕುಡಿದಷ್ಟೂ ನನ್ನ ಗಂಟಲು ಉರಿಯುತ್ತಿತ್ತು, ಕೆಮ್ಮು ಹೆಚ್ಚುತ್ತಿತ್ತು. ಹಾಗಿದ್ದೂ ಆ ದಿನಗಳಲ್ಲಿ ಅಮ್ಮನಿಗೆ ಒಂದು ಲವಲವಿಕೆ ಬಂದಿತ್ತೆಂದು ಈಗ ಅನಿಸುತ್ತದೆ. ನನ್ನ ಪಕ್ಕದಲ್ಲಿ ಕೂತು ಮಗ್ಗಿ ಹೇಳಿಸುತ್ತಿದ್ದಳು, ಹಾಸಿಗೆಯ ಮೇಲೆ ಬಟಾಣಿ ಹರಡಿ ಭಿನ್ನರಾಶಿ ಕಲಿಸುತ್ತಿದ್ದಳು. ಅವಳಿಗೆ ಮತ್ತೆ ಒಂದು ತರಗತಿ ಸಿಕ್ಕಿತ್ತು. ಬೇರೆ ಮಕ್ಕಳು ಹಿಮದ ಮೇಲೆ ಜಾರುವ ಸ್ಲೆಡ್ ಎಳೆದುಕೊಂಡು ಹೋಗುವುದನ್ನು ನಾನು ಕಿಟಕಿಯಿಂದ ನೋಡುತ್ತಿದ್ದೆ. ಕೆಲವು ದಿನ ಕೈ ಬೀಸಿದರು. ಆಮೇಲೆ ಮೇಲೆ ನೋಡುವುದನ್ನು ಮರೆತರು.

ಅಪ್ಪ, ಅಮ್ಮ ನನ್ನ ಕೆಮ್ಮಿನ ವಿಷಯಕ್ಕೆ ಜಗಳವಾಡಿದ್ದು ಒಂದು ಭಾನುವಾರ, ದೋಸೆ ಹುಯ್ಯುತ್ತಿದ್ದಾಗ.

“ನೋಡ್ರೀ, ಈ ಹವಾ ಇವಳಿಗೆ ಆಗಲ್ಲ. ನಾನು ಇವಳನ್ನ ಕರ್ಕೊಂಡು ತುಮಕೂರಿಗೆ ಹೊರಟುಹೋಗ್ತೀನಿ.”

“ಅಲ್ಲಿ ಕೆಮ್ಮೇ ಬರಲ್ವಾ?”

ಅಪ್ಪ ಬೇಕೆಂದು ಹೇಳಿದ ಮಾತಲ್ಲ ಅದು; ಬಾಯಿಂದ ಜಾರಿತ್ತು. ಅಮ್ಮ ಸೌಟು ಕೆಳಗಿಟ್ಟಳು. ಕಾವಲಿಯ ಮೇಲಿನ ದೋಸೆ ಸೀದು ಹೊಗೆಯಾಗಿ, ಛಾವಣಿಯ ಅಲಾರಂ ಕಿರುಚತೊಡಗಿತು. ಅಪ್ಪ ಕುರ್ಚಿ ಹತ್ತಿ ಅದನ್ನು ಆರಿಸಿದವರು ಕೆಳಗಿಳಿಯದೆ ಅಲ್ಲೇ ನಿಂತುಬಿಟ್ಟರು. ಒಂದು ದೋಸೆ ಸೀದದ್ದಕ್ಕೆ ಇಬ್ಬರೂ ಹೀಗೇಕೆ ಆದರೆಂದು ನನಗೆ ಅರ್ಥವಾಗಲಿಲ್ಲ. ತಪ್ಪು ನನ್ನ ಕೆಮ್ಮಿನದು ಎಂದುಕೊಂಡು ದಿಂಬಿನಲ್ಲಿ ಮುಖ ಹುದುಗಿಸಿ ಕೆಮ್ಮುವುದನ್ನು ಕಲಿತೆ.

ಅದಾದ ಕೆಲವು ದಿನಗಳಲ್ಲಿ, ಮಧ್ಯಾಹ್ನದ ಹೊತ್ತು, ಬಾಗಿಲು ಬಡಿದ ಸದ್ದಾಯಿತು. ನಮ್ಮ ಬಾಗಿಲನ್ನು ಯಾರೂ ಬಡಿಯುತ್ತಿರಲಿಲ್ಲ. ಅಮ್ಮ ಬಾಗಿಲ ಕಣ್ಣಿನಲ್ಲಿ ಬಹಳ ಹೊತ್ತು ನೋಡಿ ತೆರೆದಳು. ಹೊರಗೆ ಹತ್ತಿಯ ದಪ್ಪ ಅಂಗಿ, ಉಣ್ಣೆಯ ಚಪ್ಪಲಿ ಹಾಕಿದ್ದ ಗಿಡ್ಡನೆಯ ಹೆಂಗಸು ನಿಂತಿದ್ದರು. ಅರವತ್ತರ ಆಸುಪಾಸು, ಕಿವಿಯವರೆಗೆ ಕತ್ತರಿಸಿದ ಬಿಳಿಗೂದಲು. ಅವರು ಗೋಡೆಯನ್ನು ತೋರಿಸಿದರು, ತಮ್ಮ ಕಿವಿಯನ್ನು ತೋರಿಸಿದರು, ಆಮೇಲೆ ಥೇಟ್ ನನ್ನ ಹಾಗೆಯೇ ಕೆಮ್ಮಿದರು. ಎಷ್ಟು ಸರಿಯಾಗಿ ಕೆಮ್ಮಿದರೆಂದರೆ ನನಗೆ ನಗು ಬಂದು, ನಗುವಿನಿಂದ ನಿಜವಾದ ಕೆಮ್ಮು ಬಂತು. ಅವರು ಅಮ್ಮನನ್ನು ಕೇಳದೆಯೇ ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನೆದುರು ಕೂತು, ನಾಲಗೆ ಚಾಚುವಂತೆ ತಮ್ಮ ನಾಲಗೆ ಚಾಚಿ ತೋರಿಸಿದರು. ಬಳಿಕ ನನ್ನ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು.

“ನಾಡಿ ನೋಡ್ತಿದಾರೆ ಕಣೇ!” ಎಂದಳು ಅಮ್ಮ. ಎಷ್ಟೋ ದಿನಗಳ ಮೇಲೆ ಅವಳ ದನಿ ಎದ್ದಿತ್ತು.

ಮೇಜಿನ ಮೇಲಿದ್ದ ಕಷಾಯದ ಲೋಟವನ್ನು ಆ ಹೆಂಗಸು ಮೂಸಿ ನೋಡಿದರು, ಒಂದು ಗುಟುಕು ಕುಡಿದು ಕಣ್ಣರಳಿಸಿ ಗಂಟಲು ಹಿಡಿದುಕೊಂಡರು. ಕೈ ಬೀಸಿ ‘ಬೇಡ, ಬೇಡ’ ಎಂದು ಸನ್ನೆ ಮಾಡಿ ಹೊರಟುಹೋದರು. ಅಮ್ಮನಿಗೆ ಅವಮಾನವಾಗಿತ್ತು. ಆದರೆ ಅವರು ಅರ್ಧ ಗಂಟೆಯಲ್ಲೇ ವಾಪಸು ಬಂದರು, ಕೈಯಲ್ಲಿ ದೊಡ್ಡದೊಂದು ಪೇರ್ ಹಣ್ಣು, ಒಂದು ಪೊಟ್ಟಣ. ನಮ್ಮ ಅಡುಗೆಮನೆಯಲ್ಲೇ ನಿಂತು ಹಣ್ಣಿನ ತಲೆಯನ್ನು ಮುಚ್ಚಳದ ಹಾಗೆ ಕೊಯ್ದರು, ಚಮಚದಿಂದ ಬೀಜದ ಭಾಗವನ್ನು ತೋಡಿ ತೆಗೆದರು, ಪೊಟ್ಟಣ ಬಿಚ್ಚಿ ಒಳಗಿನದನ್ನು ಆ ಗುಳಿಯೊಳಕ್ಕೆ ತುಂಬತೊಡಗಿದರು.

“ಕಲ್ಲುಸಕ್ಕರೆ!” ಅಮ್ಮ ಒಂದು ಹರಳು ತೆಗೆದು ಬಾಯಿಗೆ ಹಾಕಿಕೊಂಡಳು. “ಕಲ್ಲುಸಕ್ಕರೆನೇ ಕಣೇ ಪುಟ್ಟಿ.”

ಆದರೆ ಹಣ್ಣು? ಕೆಮ್ಮುವ ಮಗುವಿಗೆ ಹಣ್ಣು ಕೊಟ್ಟರೆ ಶೀತವಲ್ಲವೇ? ಅಮ್ಮ ‘ಶೀತ’ ಎಂಬುದನ್ನು ಅಭಿನಯಿಸಲು ಮೈ ನಡುಗಿಸಿ ತೋರಿಸಿದಳು. ಅವರು ನನ್ನ ಗಂಟಲನ್ನು ತೋರಿಸಿ, ಒಲೆಯ ಕಾವನ್ನು ತೋರಿಸಿ, ಬಾಯಿಯಿಂದ ಉಫ್ ಎಂದು ಊದಿ ಆರಿಸಿದರು. ಇಬ್ಬರೂ ತಮ್ಮತಮ್ಮ ಭಾಷೆಯಲ್ಲಿ ಜೋರಾಗಿಯೇ ವಾದಿಸಿದರು. ಕೊನೆಗೆ ಸಣ್ಣ ಬೆಳ್ಳುಳ್ಳಿ ಎಸಳಿನಂಥ ಬಿಳಿ ಗಡ್ಡೆಗಳನ್ನು ಅವರು ಪೊಟ್ಟಣದಿಂದ ತೆಗೆದಾಗ ಅಮ್ಮ ಕೈ ಅಡ್ಡ ಹಿಡಿದಳು. ಗೊತ್ತಿಲ್ಲದ್ದನ್ನು ಮಗಳಿಗೆ ಕೊಡುವುದಿಲ್ಲ. ಅವರು ಸಿಟ್ಟಾಗಲಿಲ್ಲ. ಗಡ್ಡೆಗಳನ್ನು ಪೊಟ್ಟಣಕ್ಕೆ ಹಾಕಿ, ಬರೀ ಕಲ್ಲುಸಕ್ಕರೆ ತುಂಬಿ, ಮುಚ್ಚಳ ಮುಚ್ಚಿ ಕಡ್ಡಿ ಚುಚ್ಚಿದರು. ಹಣ್ಣನ್ನು ಬಟ್ಟಲಲ್ಲಿ ಕೂರಿಸಿದ ಮೇಲೆ ಪಾತ್ರೆಗಾಗಿ ಸುತ್ತ ನೋಡಿದರು. ಅಮ್ಮ ಒಂದು ಕ್ಷಣ ತಡೆದು, ಕಪಾಟಿನಿಂದ ಇಡ್ಲಿ ಪಾತ್ರೆ ತೆಗೆದುಕೊಟ್ಟಳು.

ಶನಿವಾರ ಅವರ ಮಗಳು ಲಿನ್ ಬಂದಳು. ಡಾಕ್ಟರೇಟ್ ಮಾಡುತ್ತಿದ್ದ ಹುಡುಗಿ, ತೋಳಿನಲ್ಲಿ ಹಸುಗೂಸು. ಮಗುವನ್ನು ನೋಡಿಕೊಳ್ಳಲು ತನ್ನ ತಾಯಿ ಚೀನಾದಿಂದ ಬಂದಿದ್ದಾರೆ, ವೀಸಾ ಇರುವಷ್ಟು ದಿನ ಇರುತ್ತಾರೆ, ಅಮ್ಮನ ತಾಯಿಗೆ ತಮ್ಮಲ್ಲಿ ‘ವಾಯ್‌ಪೋ’ ಎನ್ನುತ್ತಾರೆ, ನೀವೂ ಹಾಗೆಯೇ ಕರೆಯಬಹುದು ಎಂದಳು. ತಾಯಿ ವೈದ್ಯರೇನಲ್ಲ, ಊರಿನ ಅಂಚೆ ಕಚೇರಿಯಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇದೆಲ್ಲ ತಮ್ಮಲ್ಲಿ ಎಲ್ಲ ಮನೆಗಳಲ್ಲೂ ಮಾಡುವುದೇ ಎಂದು ನಕ್ಕಳು. ಕೆಮ್ಮಿನಲ್ಲಿ ಕಾವಿನದು ಬೇರೆ, ಚಳಿಯದು ಬೇರೆಯಂತೆ. ಇವಳದು ಒಣಗಿದ ಕಾವಿನ ಕೆಮ್ಮು, ಅದಕ್ಕೆ ಪೇರ್ ಹಣ್ಣು; ಕಫ ಬಂದ ಮೇಲೆ ಬೇರೆ ಮದ್ದು. ವಾಯ್‌ಪೋ ಊರಿನಿಂದ ತಂದಿದ್ದ ತಗಡಿನ ಡಬ್ಬಿಗಳನ್ನು ಒಂದೊಂದಾಗಿ ಮೇಜಿನ ಮೇಲೆ ತೆರೆದಿಟ್ಟರು. ಒಂದರಲ್ಲಿ ಒಣಗಿ ಕಪ್ಪಾದ ಕಿತ್ತಳೆ ಸಿಪ್ಪೆ. ಇನ್ನೊಂದರಲ್ಲಿ ಹಳದಿ ಬೇರಿನ ಚಕ್ಕೆಗಳು. ಅಮ್ಮ ಚಕ್ಕೆಯೊಂದನ್ನು ನಾಲಗೆಗೆ ತಾಕಿಸಿದವಳೇ ಅಪ್ಪನನ್ನು ಕೂಗಿದಳು:

“ರೀ, ಬನ್ರೀ ಇಲ್ಲಿ! ಜ್ಯೇಷ್ಠಮಧು ರೀ ಇದು! ನಮ್ಮಜ್ಜಿ ಸೆರಗಿನ ಗಂಟಲ್ಲಿ ಇಟ್ಕೊಂಡಿರ್ತಿದ್ರಲ್ಲ, ಅದೇ!”

ಅಪ್ಪ ಬಂದು ಎಲ್ಲ ಡಬ್ಬಿಗಳನ್ನೂ ಮೂಸಿದರು. ಬಿಳಿ ಗಡ್ಡೆಯ ಬಗ್ಗೆ ಲಿನ್ ಜೊತೆ ಬಹಳ ಹೊತ್ತು ಮಾತಾಡಿದರು. ಚಿಕ್ಕ ಮಕ್ಕಳಿಗೆ ಅದು ಬೇಡವೆಂದೇ ಅವರ ತೀರ್ಮಾನ. ಹಣ್ಣು, ಕಲ್ಲುಸಕ್ಕರೆಗೆ ಅಡ್ಡಿಯಿಲ್ಲ. “ತಿನ್ನೋಕೆ ಚೆನ್ನಾಗಂತೂ ಇದೆ,” ಎಂದು ಬಟ್ಟಲಲ್ಲಿ ಉಳಿದಿದ್ದ ರಸವನ್ನು ಕುಡಿದುಬಿಟ್ಟರು.

ನಿಜವಾಗಿ ಚೆನ್ನಾಗಿತ್ತು. ಬೆಂದ ಹಣ್ಣು ಚಮಚ ತಾಕಿದರೆ ಕುಸಿಯುತ್ತಿತ್ತು, ಬಿಸಿಯಾದ ರಸ ಗಂಟಲನ್ನು ಸವರಿಕೊಂಡು ಇಳಿಯುತ್ತಿತ್ತು. ಮೆಣಸಿನ ಕಷಾಯ ನಿಂತಿತು. ಕೆಮ್ಮು ಮೊದಲು ಸಡಿಲವಾಯಿತು, ಆಮೇಲೆ ಕಫವಾಯಿತು. ಆಗ ವಾಯ್‌ಪೋ ಪೇರ್ ಹಣ್ಣು ಕೊಡುವುದನ್ನು ನಿಲ್ಲಿಸಿ, ಕಿತ್ತಳೆ ಸಿಪ್ಪೆಯನ್ನು ಶುಂಠಿಯೊಂದಿಗೆ ಕುದಿಸಿಕೊಟ್ಟರು.

“ನೋಡಿದ್ಯಾ? ಕೊನೆಗೆ ಶುಂಠಿಗೇ ಬಂದ್ರು!” ಅಮ್ಮನ ಮುಖದಲ್ಲಿ ಪಂದ್ಯ ಗೆದ್ದ ಸಂತೋಷ.

ಕೆಮ್ಮು ಹೋಯಿತು. ಮದ್ದಿನಿಂದಲೋ ತಾನಾಗಿಯೋ ಹೇಳಲಾರೆ. ಅಪ್ಪ ಈಗಲೂ ತಾನಾಗಿ ಹೋಯಿತೆನ್ನುತ್ತಾರೆ. ನಾನು ಮತ್ತೆ ಸ್ಕೂಲಿಗೆ ಹೊರಟ ಬೆಳಿಗ್ಗೆ ಅಮ್ಮ ನನ್ನ ಹಿಮದ ಉಡುಪಿನ ಜಿಪ್ ಎಳೆದು, ಟೋಪಿ ಸರಿಮಾಡಿ, ಕೈಗವಸು ಹಾಕಿ, ಮತ್ತೆ ಟೋಪಿ ಸರಿಮಾಡಿದಳು. ಕೆಳಗಿಳಿದು ತಿರುಗಿ ನೋಡಿದರೆ ನಾನು ಅಷ್ಟು ದಿನ ನಿಲ್ಲುತ್ತಿದ್ದ ಕಿಟಕಿಯಲ್ಲಿ ಅವಳು ನಿಂತಿದ್ದಳು. ತರಗತಿಯಲ್ಲಿ ಯಾರ ಪಕ್ಕ ಯಾರು ಕೂರಬೇಕೆಂಬುದು ನಾನಿಲ್ಲದಾಗ ನಿರ್ಧಾರವಾಗಿಬಿಟ್ಟಿತ್ತು. ನಾನು ಕೊನೆಯ ಮೇಜಿನಲ್ಲಿ ಒಬ್ಬಳೇ ಕೂತೆ. ಬಿಡುವಿನ ಹೊತ್ತಿನಲ್ಲಿ ಗೋಡೆಗೆ ಒರಗಿ ನಿಂತು, ಬೇರೆಯವರ ಆಟದ ನಿಯಮಗಳನ್ನು ದೂರದಿಂದಲೇ ಕಲಿತೆ. ಯಾರೂ ಕೆಟ್ಟವರಾಗಿರಲಿಲ್ಲ. ಅವರಿಗೆ ನಾನು ಬೇಕಾಗಿರಲಿಲ್ಲ, ಅಷ್ಟೆ. ಸುಮ್ಮನೆ ನಿಂತು ಜನರನ್ನು ನೋಡುವ, ಅವರ ದನಿಯ ಏರಿಳಿತ ಆಲಿಸುವ ನನ್ನ ಇಂದಿನ ಅಭ್ಯಾಸ ಆ ಗೋಡೆಯ ಬಳಿ ಶುರುವಾದದ್ದು.

ಅಮ್ಮನಿಗೆ ಮಾತ್ರ ಆಗ ವಾಯ್‌ಪೋ ಇದ್ದರು. ಲಿನ್ ಲ್ಯಾಬಿಗೆ ಹೋದ ಮೇಲೆ ಅವರು ಮೊಮ್ಮಗನನ್ನು ಎತ್ತಿಕೊಂಡು ನಮ್ಮ ಮನೆಗೆ ಬರುತ್ತಿದ್ದರು. ಇಬ್ಬರೂ ಸೊಪ್ಪು ಬಿಡಿಸುತ್ತ, ಮಗುವಿಗೆ ಎಣ್ಣೆ ಹಚ್ಚುತ್ತ ಹಗಲು ಕಳೆಯುತ್ತಿದ್ದರು. ತಿಂದ ಕಿತ್ತಳೆಗಳ ಸಿಪ್ಪೆಯೆಲ್ಲ ಮನೆ ಬೆಚ್ಚಗಿಡುವ ರೇಡಿಯೇಟರಿನ ಮೇಲೆ ಒಣಗುತ್ತಿತ್ತು, ಮನೆಯೆಲ್ಲ ಅದರ ಘಮ.

ಫೆಬ್ರವರಿ ಮುಗಿಯುತ್ತ ಬಂದಿತ್ತು, ಮಧ್ಯಾಹ್ನಗಳಿಗೆ ಬೆಳಕು ಮರಳಿತ್ತು. ಒಂದು ದಿನ ಸ್ಕೂಲು ಬೇಗ ಬಿಟ್ಟಿತು. ಮೆಟ್ಟಿಲು ಹತ್ತಿ ಬರುವಾಗ ಕೊನೆಯ ಬೆಂಚಿಗೆ ಮುಟ್ಟುವ ಅಮ್ಮನ ಆ ಹಳೆಯ ದನಿ ಕೇಳಿಸಿತು. ಅಲ್ಲಿನ ಬಾಗಿಲುಗಳಲ್ಲಿ ಟಪಾಲು ಹಾಕಲು ಒಂದು ಸೀಳು ಇರುತ್ತದೆ. ಅದರ ಮೂಲಕ ಮಾತು ಸ್ಪಷ್ಟವಾಗಿ ಬರುತ್ತಿತ್ತು. ಅಮ್ಮ ವಾಯ್‌ಪೋ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದಳು.

“ಒಂದೂವರೆ ವರ್ಷ ಅಮ್ಮಾ ಅವ್ಳಿಗೆ. ಪುಟ್ಟಿ ಹುಟ್ಟೋಕೆ ಮುಂಚೆ. ಮಾಮೂಲಿ ಕೆಮ್ಮು, ಮಕ್ಕಳಿಗೆ ಬರತ್ತೆ ಹೋಗತ್ತೆ ಅಂದ್ರು ಎಲ್ಲಾರೂ. ಡಾಕ್ಟ್ರೂ ಹಾಗೇ ಅಂದ್ರು. ನಾನೂ ಹಾಗೇ ಅನ್ಕೊಂಡೆ. ಪಬ್ಲಿಕ್ ಪರೀಕ್ಷೆ ಪೇಪರ್ ತಿದ್ದೋದಿತ್ತು, ಅತ್ತೆ ಹತ್ರ ಬಿಟ್ಟು ಹೋದೆ. ಸಾಯಂಕಾಲ ಬಂದ್ ನೋಡ್ತೀನಿ, ಉಸಿರು ಎಳ್ಕೊಂಡಾಗೆಲ್ಲ ಪಕ್ಕೆ ಒಳಗೆ ಹೋಗ್ತಿದೆ. ಆಸ್ಪತ್ರೆಗೆ ಹೋಗೋ ಹೊತ್ತಿಗೆ ನ್ಯುಮೋನಿಯಾ ಅಂದ್ರು. ನನ್ನ ಬೆರಳು ಹಿಡ್ಕೊಂಡಿದ್ಲು ಅಮ್ಮಾ. ಹಿಡ್ಕೊಂಡೇ ಇದ್ಲು.”

ಒಳಗೆ ಕುರ್ಚಿ ಹತ್ತಿರಕ್ಕೆ ಎಳೆದ ಸದ್ದಾಯಿತು, ಮತ್ತೆ ಅಮ್ಮನ ದನಿ:

“ಇವರು ಫೋಟೋ ಎಲ್ಲಾ ತೆಗೆದಿಟ್ಬಿಟ್ರು, ನನಗೆ ನೋಡಿದ್ರೆ ಸಂಕಟ ಆಗತ್ತೆ ಅಂತ. ಇವರು ಅವ್ಳ ಹೆಸರೆತ್ತಲ್ಲ. ನಾನೂ ಎತ್ತಲ್ಲ. ಪುಟ್ಟಿಗೆ ಗೊತ್ತೇ ಇಲ್ಲ, ಅಕ್ಕ ಇದ್ಲು ಅಂತ.”

ಆಮೇಲೆ ವಾಯ್‌ಪೋ ಮಾತಾಡಿದರು. ಬಹಳ ಹೊತ್ತು, ತಗ್ಗಿದ ದನಿಯಲ್ಲಿ, ನಡುನಡುವೆ ನಿಲ್ಲಿಸುತ್ತ. ಸಮಾಧಾನ ಹೇಳುತ್ತಿದ್ದರೋ, ತಮ್ಮದೇ ಯಾವುದಾದರೂ ಸಂಕಟ ಹೇಳಿಕೊಳ್ಳುತ್ತಿದ್ದರೋ, ಇಂದಿಗೂ ನನಗೆ ಗೊತ್ತಿಲ್ಲ. ಅಮ್ಮನಿಗೂ ಗೊತ್ತಾಗಿರಲಾರದು. ಆದರೂ ಅವಳು ನಡುವೆ “ಹೌದು ಅಮ್ಮಾ, ಹೌದು” ಎನ್ನುತ್ತಿದ್ದಳು. ನಾನು ಬೂಟಿನಿಂದ ಕರಗಿ ಇಳಿದ ಹಿಮದ ನೀರಿನಲ್ಲಿ, ಮೆಟ್ಟಿಲ ಮೇಲೆ ಕೂತುಬಿಟ್ಟೆ. ನನಗೊಬ್ಬ ಅಕ್ಕ ಇದ್ದಳೆಂಬುದಕ್ಕಿಂತ, ಅಮ್ಮ ಅದನ್ನು ಯಾರಿಗೆ ಹೇಳಿದಳೆಂಬುದು ನನ್ನನ್ನು ಹೆಚ್ಚು ನೋಯಿಸಿತು. ಒಂದು ಪದವೂ ಅರ್ಥವಾಗದವರು ಒಳಗೆ ಅವಳ ಜೊತೆಗಿದ್ದರು. ಅರ್ಥವಾಗುವವಳು ಬಾಗಿಲ ಹೊರಗಿದ್ದೆ. ವಾಯ್‌ಪೋ ಮನೆಗೆ ಹೊರಡುವವರೆಗೂ ಕೂತಿದ್ದೆ. ಹೊರಬಂದ ಅವರು ನನ್ನನ್ನು ನೋಡಿದರು. ಮಗುವನ್ನು ಒಂದು ತೋಳಿಗೆ ಬದಲಿಸಿಕೊಂಡು, ನನ್ನ ಟೋಪಿಯ ಮೇಲೆ ಅಂಗೈ ಇಟ್ಟು ಒಂದು ಗಳಿಗೆ ನಿಂತರು.

ಮಾರ್ಚಿನಲ್ಲಿ ಅವರ ವೀಸಾ ಮುಗಿಯಿತು. ಹೊರಡುವ ದಿನ ಅಮ್ಮ ದಾರಿಗೆಂದು ಚಪಾತಿ ಮಾಡಿಕೊಟ್ಟಳು. ವಾಯ್‌ಪೋ ಅಮ್ಮನ ಎರಡೂ ಕೈಗಳನ್ನು ಹಿಡಿದು ಏನೋ ಹೇಳಿದರು. ಅನುವಾದಿಸಲು ಲಿನ್ ಬಾಯಿ ತೆರೆದಳು, ಅಮ್ಮ ಬೇಡವೆಂದು ತಲೆಯಾಡಿಸಿದಳು. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಅವಳು ಜಾಕೆಟ್ ಇಲ್ಲದೆ ಹಿಮದಲ್ಲಿ ನಿಂತಿದ್ದಳು. ನಂತರದ ದಿನಗಳಲ್ಲಿ ಮನೆ ಮತ್ತೆ ಮೊದಲಿನಂತಾಯಿತು. ಮೊದಲಿಗಿಂತ ಮೌನವಾಯಿತು. ಸ್ಕೂಲಿನಿಂದ ಬಂದಾಗ ಅಮ್ಮ ಮಡಿಸಿದ ಬಟ್ಟೆಗಳನ್ನೇ ಮಡಿಸುತ್ತಿದ್ದಳು. ನಾನು ದಿನವೂ ಕೇಳಬೇಕೆಂದುಕೊಂಡು, ದಿನವೂ ಕೈ ತೊಳೆದು ತಿಂಡಿ ತಿನ್ನುತ್ತಿದ್ದೆ.

ಹಿಮವೆಲ್ಲ ಕರಗಿ ಫುಟ್‌ಪಾತಿನ ಮೇಲೆ ಜಾರದಿರಲೆಂದು ಹಾಕಿದ್ದ ಜಲ್ಲಿ ಮಾತ್ರ ಉಳಿದಿದ್ದ ಏಪ್ರಿಲಿನ ಒಂದು ಮಧ್ಯಾಹ್ನ, ಅಮ್ಮ ಹುರುಳಿಕಾಯಿ ಹೆಚ್ಚುತ್ತಿದ್ದಾಗ ಕೇಳಿಯೇಬಿಟ್ಟೆ:

“ಅಮ್ಮಾ, ಅಕ್ಕನ ಹೆಸರೇನು?”

ಚಾಕು ನಿಂತಿತು.

“ಯಾರು ಹೇಳಿದ್ರು ನಿಂಗೆ?”

“ನೀನೇ. ವಾಯ್‌ಪೋಗೆ ಹೇಳ್ತಿದ್ಯಲ್ಲ, ಆಚೆ ನಿಂತು ಕೇಳಿಸ್ಕೊಂಡೆ.”

ಬೈಗುಳ ಬೀಳುತ್ತದೆಂದು ಕಾದೆ. ಅಮ್ಮ ಚಾಕು ಪಕ್ಕಕ್ಕಿಟ್ಟು, ಸೆರಗಿಲ್ಲದ ಸ್ವೆಟರಿನ ತೋಳಿನಲ್ಲಿ ಮುಖ ಒರೆಸಿಕೊಂಡಳು.

“ಚೈತ್ರಾ,” ಎಂದಳು. ಆಮೇಲೆ ಕುರ್ಚಿ ಎಳೆದು ನನ್ನನ್ನು ಎದುರಿಗೆ ಕೂರಿಸಿಕೊಂಡಳು. ಹುರುಳಿಕಾಯಿ ಹಾಗೇ ಉಳಿಯಿತು.

ಸಂಜೆ ಅಪ್ಪ ಬಂದಾಗ ನಾವಿನ್ನೂ ಮೇಜಿನ ಬಳಿಯೇ ಇದ್ದೆವು. ಅಪ್ಪ ಬಾಗಿಲ ಬಳಿಯ ಸ್ಟೂಲಿನ ಮೇಲೆ ಕೂತು ಬೂಟು ಬಿಚ್ಚುತ್ತಿದ್ದರು.

“ರೀ, ಪುಟ್ಟಿಗೆ ಚೈತ್ರನ ವಿಷಯ ಹೇಳ್ದೆ,” ಎಂದಳು ಅಮ್ಮ.

ಅಪ್ಪ ಒಂದು ಕಾಲಿನಲ್ಲಿ ಬೂಟು ಇಟ್ಟುಕೊಂಡೇ ಕೂತರು. ಎಷ್ಟು ಹೊತ್ತೆಂದರೆ, ಎದ್ದು ಹೊರಗೆ ಹೋಗಿಬಿಡುತ್ತಾರೆಂದು ನನಗೆ ಭಯವಾಯಿತು. ಕೊನೆಗೆ ನೆಲ ನೋಡುತ್ತಲೇ ಮಾತಾಡಿದರು:

“ಸ್ನಾನ ಆದ್ಮೇಲೆ ಆ ಟವೆಲ್ ಕೊಡ್ತಾನೇ ಇರ್ಲಿಲ್ಲ ಅವ್ಳು. ಆ ನೀಲಿ ಟವೆಲ್. ಮನೆಯೆಲ್ಲ ಎಳ್ಕೊಂಡು ಓಡಾಡೋಳು.”

“ನೀಲಿ ಅಲ್ಲ ರೀ, ಹಳದಿ.”

“ನೀಲಿ ಕಣೇ. ನಾನೇ ತಂದಿದ್ದು.”

“ನೀವು ತಂದಿದ್ದು ನೀಲಿ. ಅವ್ಳು ಎಳ್ಕೊಂಡು ಓಡಾಡ್ತಿದ್ದಿದ್ದು ಹಳದಿದು. ಒಗೀತಿದ್ದೋಳು ನಾನಲ್ವಾ?”

ಅಪ್ಪ ಒಂದೇ ಬೂಟಿನಲ್ಲಿ ಎದ್ದು ಅಡುಗೆಮನೆಯೊಳಗೆ ಬಂದರು, ನೀಲಿಯೇ ಎಂದು ಕೈ ತಿರುಗಿಸುತ್ತ. ಅಮ್ಮನೂ ಎದ್ದು ನಿಂತಳು. ಇಬ್ಬರ ದನಿಯೂ ಏರಿತು, ಪಕ್ಕದ ಮನೆಗೆ ಕೇಳಿಸೀತೆಂಬ ಯೋಚನೆ ಇಬ್ಬರಿಗೂ ಇದ್ದಂತಿರಲಿಲ್ಲ. ನಾನು ಇಬ್ಬರ ನಡುವೆ ಕೂತು, ಅಕ್ಕನ ಟವೆಲಿನ ಬಣ್ಣ ಯಾವುದೆಂದು ತೀರ್ಮಾನವಾಗುವುದನ್ನು ಕಾಯುತ್ತಿದ್ದೆ.